ಚಿಂಕಾರದ ಮರಿಗೆ ಪರವೂರಿನ ಅಪ್ಪ

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿಯ ಕುರುಚಲು ಕಾಡನ್ನು ರಾಜ್ಯ ಸರ್ಕಾರ 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ವಿಸ್ತೀರ್ಣ 96.36 ಚದರ ಕಿಲೋಮೀಟರ್. ಕಬ್ಬು, ಸಕ್ಕರೆ ಕಾರ್ಖಾನೆ, ಸುಣ್ಣಕಲ್ಲಿನ ಗಣಿಗಳ ನಡುವೆ ಉಳಿದುಕೊಂಡ ಒಣನೆಲವೊಂದಕ್ಕೆ ಕಾನೂನಿನ ಆಸರೆ ಸಿಕ್ಕಿದ್ದು ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಚಿಂಕಾರ ಇಪ್ಪತ್ತು–ಇಪ್ಪತ್ತೈದು ಕಿಲೋ ತೂಗುವ ಹುಲ್ಲೆ. ಎಲೆ, ಕಾಯಿ, ಇಬ್ಬನಿಯಲ್ಲಿರುವ ತೇವದಲ್ಲೇ ಎಷ್ಟೋ ದಿನ ನೀರು ಕುಡಿಯದೆ ಕಳೆಯಬಲ್ಲದು. ಗುಂಪು ಚಿಕ್ಕದು, ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಈಯುವುದು ಒಂದೇ ಮರಿ. ಇಂಥ ಧಾಮದ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಇದಾವ?’ ಕೇಳಬೇಕಾದ್ದೇ. ಆದರೆ ಅದಕ್ಕಿಂತ ಆಳದ ಪ್ರಶ್ನೆ ಇನ್ನೊಂದಿದೆ: ಇರುವಷ್ಟು ಚಿಂಕಾರಗಳು ಒಂದಕ್ಕೊಂದು ಎಷ್ಟು ಹತ್ತಿರದ ಸಂಬಂಧಿಗಳು? ಹುಟ್ಟಲಿರುವ ಮರಿಯ ಅಪ್ಪ–ಅವ್ವ ಒಂದೇ ಮನೆತನದವೋ, ಬೇರೆ ಬೇರೆ ಮಡ್ಡಿಯಲ್ಲಿ ಬೆಳೆದವೋ? ಮರಿ ಮೊದಲ ಬೇಸಿಗೆ ದಾಟುತ್ತದೆಯೇ, ರೋಗಕ್ಕೆ ಜಗ್ಗುತ್ತದೆಯೇ, ಮುಂದೆ ತಾನೂ ಮರಿ ಕಾಣುತ್ತದೆಯೇ ಎಂಬುದರಲ್ಲಿ ಈ ಸಂಗತಿಯ ಪಾಲು ದೊಡ್ಡದು. ಅದು ತೀರ್ಮಾನವಾಗುವುದು ಧಾಮದ ಒಳಗಲ್ಲ, ಧಾಮದ ಹೊರಗಿನ ನೆಲದಲ್ಲಿ ಎಂಬುದು ನನ್ನ ವಾದ.

ಇದರ ಒಳಗಿನ ಲೆಕ್ಕ ಕಷ್ಟದ್ದಲ್ಲ. ಪ್ರತಿ ಪ್ರಾಣಿಯಲ್ಲೂ ಹೆಚ್ಚುಕಡಿಮೆ ಎಲ್ಲ ವಂಶವಾಹಿಗಳ ಎರಡೆರಡು ಪ್ರತಿ ಇರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಅವುಗಳಲ್ಲಿ ಕೆಟ್ಟುಹೋದ ಪ್ರತಿಗಳೂ ಸೇರಿರುತ್ತವೆ. ಯಾವ ಜೀವಿಯೂ ಇದಕ್ಕೆ ಹೊರತಲ್ಲ. ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಹೆಚ್ಚಿನ ಸಲ ಕೆಲಸ ನಡೆಯುತ್ತದೆ, ದೋಷ ಹೊರಗೆ ಕಾಣುವುದೇ ಇಲ್ಲ. ತೊಂದರೆ ಹುಟ್ಟುವುದು ಮರಿಗೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬಂದಾಗ. ಅಪರಿಚಿತರು ಕೂಡಿದರೆ ಹಾಗಾಗುವ ಸಂಭವ ತೀರ ಕಡಿಮೆ, ಏಕೆಂದರೆ ಒಂದೊಂದು ವಂಶದ ದೋಷ ಒಂದೊಂದು ಕಡೆ ಇರುತ್ತದೆ. ಒಡಹುಟ್ಟಿದವು ಕೂಡಿದರೆ ಕಥೆ ಬೇರೆ. ಅಜ್ಜನಲ್ಲಿದ್ದ ಒಂದು ಪ್ರತಿ ಅಣ್ಣ–ತಂಗಿ ಇಬ್ಬರಿಗೂ ಇಳಿದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರೂ ಅದನ್ನೇ ತಮ್ಮ ಮರಿಗೆ ದಾಟಿಸುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಅಂದರೆ ಹದಿನಾರರಲ್ಲಿ ಒಂದು. ಅಜ್ಜ–ಅಜ್ಜಿಯರಲ್ಲಿ ಇಂಥ ಪ್ರತಿಗಳು ನಾಲ್ಕಿರುವುದರಿಂದ, ಮರಿಯ ಯಾವುದೇ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಮೂಲದವಾಗಿರುವ ಸಂಭವ ಒಟ್ಟು ಶೇ 25. ಸೋದರಸಂಬಂಧಿಗಳ ಮಗುವಿನಲ್ಲಿ ಇದು ಶೇ 6.25.

ಗುಂಪು ಮುಚ್ಚಿಕೊಂಡಿದ್ದರೆ ಯಾರೂ ಬೇಕೆಂದು ಒಡಹುಟ್ಟಿದವರನ್ನು ಕೂಡದಿದ್ದರೂ ಎಲ್ಲರೂ ನಿಧಾನವಾಗಿ ಎಲ್ಲರ ಸಂಬಂಧಿಗಳಾಗುತ್ತಾರೆ. ಲೆಕ್ಕಕ್ಕಾಗಿ ಐವತ್ತು ಪ್ರಾಣಿಗಳ ಒಂದು ಹಿಂಡು ಇಟ್ಟುಕೊಳ್ಳೋಣ. ಹುಲ್ಲೆಗಳಲ್ಲಿ ಕೆಲವೇ ಬಲಿಷ್ಠ ಗಂಡುಗಳು ಬಹುಪಾಲು ಮರಿಗಳಿಗೆ ಅಪ್ಪನಾಗುತ್ತವೆ, ಉಳಿದವುಗಳಿಗೆ ಅವಕಾಶ ಸಿಗುವುದಿಲ್ಲ. ಐದು ಗಂಡು ಮತ್ತು ನಲವತ್ತೈದು ಹೆಣ್ಣುಗಳಿಂದ ಮುಂದಿನ ಪೀಳಿಗೆ ಬಂದರೆ, ವಂಶವಾಹಿಗಳ ದೃಷ್ಟಿಯಲ್ಲಿ ಅದು ಹದಿನೆಂಟು ಪ್ರಾಣಿಗಳ ಹಿಂಡಿಗಷ್ಟೇ ಸಮ. ಪ್ರತಿ ತಲೆಮಾರಿಗೂ ವೈವಿಧ್ಯದಲ್ಲಿ ಶೇ 3ಕ್ಕೆ ಹತ್ತಿರದಷ್ಟು ಕರಗುತ್ತ ಹೋಗುತ್ತದೆ, ಹತ್ತು ತಲೆಮಾರಿಗೆ ಕಾಲು ಭಾಗ ಹೋಗಿರುತ್ತದೆ. ಆಗ ಯಾವ ಗಂಡು ಯಾವ ಹೆಣ್ಣನ್ನು ಕೂಡಿದರೂ ಅದು ಅಣ್ಣ–ತಂಗಿ ಕೂಡಿದಷ್ಟೇ ಹತ್ತಿರ. ಗಣತಿಯವರು ಬಂದು ಎಣಿಸಿದರೆ ಐವತ್ತು ಐವತ್ತಾಗಿಯೇ ಇರುತ್ತದೆ! ನಷ್ಟ ಕಣ್ಣಿಗೆ ಬೀಳದೆ ನಡೆಯುತ್ತದೆ ಎಂಬುದೇ ಇದರ ಅಪಾಯ. ನಮ್ಮ ಕುರಿಗಾರರಿಗೆ ಇದು ಹೊಸ ವಿಷಯವಲ್ಲ. ಒಂದೇ ಟಗರನ್ನು ಅದರ ಹೆಣ್ಣುಮಕ್ಕಳ ಮೇಲೆ, ಮೊಮ್ಮಕ್ಕಳ ಮೇಲೆ ಬಿಡುತ್ತ ಹೋದರೆ ಮರಿ ಸಣ್ಣಗಾಗುತ್ತವೆ, ಸಾವು ಹೆಚ್ಚುತ್ತದೆ ಎಂದು ಪಶುವೈದ್ಯರೂ ಹೇಳುತ್ತಾರೆ. ಅದಕ್ಕೇ ಟಗರು ಬದಲಿಸಬೇಕು ಎನ್ನುವುದು. ಹುನಗುಂದ ಸೀಮೆಯ ಕುರಿಗಾರ ಅಮೀನಗಡದ ಸಂತೆಯಿಂದ ಪರವೂರಿನ ಟಗರು ಹಿಡಿದುಕೊಂಡು ಬರಬಹುದು. ಚಿಂಕಾರಕ್ಕೆ ಸಂತೆ ಇಲ್ಲ.

ಈ ಲೆಕ್ಕ ನಿಜವಾದ ಪ್ರಾಣಿಗಳಲ್ಲಿ ಹಾಗೇ ಕಾಣುತ್ತದೆಯೇ? 1979ರಲ್ಲಿ ಅಮೆರಿಕದ ಕ್ಯಾಥರೀನ್ ರಾಲ್ಸ್ ಮತ್ತು ಸಂಗಡಿಗರು ಮೃಗಾಲಯಗಳ ದಾಖಲೆ ತೆಗೆದು, ಜಿಂಕೆ–ಹುಲ್ಲೆಗಳಂಥ ಗೊರಸಿನ ಹದಿನಾರು ಜಾತಿಗಳ ಮರಿಗಳ ಸಾವನ್ನು ಹೋಲಿಸಿದರು. ಹದಿನೈದು ಜಾತಿಗಳಲ್ಲಿ ಸಂಬಂಧಿಗಳಿಗೆ ಹುಟ್ಟಿದ ಮರಿಗಳೇ ಹೆಚ್ಚು ಸತ್ತಿದ್ದವು. ಅವುಗಳಲ್ಲಿ ನಮ್ಮ ಚಿಂಕಾರದ ಹತ್ತಿರದ ನೆಂಟ, ಆಫ್ರಿಕದ ಡೋರ್ಕಸ್ ಹುಲ್ಲೆಯೂ ಇತ್ತು. ಸ್ಪೇನಿನ ಅಲ್ಮೇರಿಯಾದಲ್ಲಿ ಬೆರಳೆಣಿಕೆಯ ಪ್ರಾಣಿಗಳಿಂದ ಬೆಳೆಸಿದ ಕುವಿಯೆ ಹುಲ್ಲೆಗಳ ಹಿಂಡಿದೆ. ಅದೂ ಚಿಂಕಾರದ ಕುಲದ್ದೇ. ಅಲ್ಲಿ ರಕ್ತಸಂಬಂಧ ಹೆಚ್ಚಿದ್ದ ಗಂಡುಗಳ ವೀರ್ಯದ ಗುಣಮಟ್ಟ ಕುಸಿದಿದ್ದನ್ನು 1998ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಪೆಟ್ಟು ಬೀಳುವುದು ಮರಿಯ ಜೀವಕ್ಕಷ್ಟೇ ಅಲ್ಲ, ಬದುಕುಳಿದ ಮರಿಯ ಫಲವಂತಿಕೆಗೂ.

ಮೃಗಾಲಯದ ಮಾತು ಕಾಡಿಗೆ ಹೇಗೆ ಅನ್ವಯ ಎಂದು ಕೇಳುವುದು ನ್ಯಾಯ. ಕಾಡಿನಿಂದ ಬಂದ ಸಾಕ್ಷ್ಯ ಇನ್ನೂ ಕಟುವಾಗಿದೆ. ಅಮೆರಿಕದ ಇಲಿನಾಯ್ಸ್‌ನಲ್ಲಿ ಬಿಳಿಗಾಲಿನ ಇಲಿಗಳನ್ನು ಹಿಡಿದು, ಕೆಲವನ್ನು ಸಂಬಂಧಿಗಳೊಳಗೆ, ಕೆಲವನ್ನು ಹೊರಗಿನವರೊಂದಿಗೆ ಕೂಡಿಸಿ, ಮರಿಗಳನ್ನು ಮತ್ತೆ ಅದೇ ಕಾಡಿಗೆ ಬಿಟ್ಟರು. ಪ್ರಯೋಗಾಲಯದಲ್ಲಿ ಅಷ್ಟೇನೂ ಎದ್ದು ಕಾಣದ ವ್ಯತ್ಯಾಸ ಬಯಲಿಗೆ ಬಿಟ್ಟ ವಾರಗಳಲ್ಲೇ ಹಿಗ್ಗಿತು. ಸಂಬಂಧಿಗಳಿಗೆ ಹುಟ್ಟಿದವು ಬೇಗ ಸತ್ತವು, ಗಂಡುಗಳು ತೂಕ ಕಳೆದುಕೊಂಡವು. ಈ ಅಧ್ಯಯನ ಪ್ರಕಟವಾಗಿದ್ದು 1994ರಲ್ಲಿ. ಅದೇ ವರ್ಷ ಕೆನಡಾದ ಮ್ಯಾಂಡರ್ಟೆ ಎಂಬ ಪುಟ್ಟ ದ್ವೀಪದ ಹಾಡುಗುಬ್ಬಿಗಳ ಬಗ್ಗೆ ಲೂಕಸ್ ಕೆಲ್ಲರ್ ಮತ್ತು ಸಂಗಡಿಗರ ವರದಿ ಬಂತು. ದ್ವೀಪದ ಹಕ್ಕಿಗಳಿಗೆಲ್ಲ ಕಾಲಿಗೆ ಬಳೆ ತೊಡಿಸಿ ವಂಶಾವಳಿ ಬರೆದಿಟ್ಟಿದ್ದರು. 1989ರ ಕೆಟ್ಟ ಚಳಿಗೆ ಬಹುಪಾಲು ಹಕ್ಕಿಗಳು ಸತ್ತವು. ಉಳಿದವು ಯಾವುವು ಎಂದು ನೋಡಿದರೆ, ತಂದೆತಾಯಿ ದೂರದವಾಗಿದ್ದ ಹಕ್ಕಿಗಳು ಹೆಚ್ಚಾಗಿ ಉಳಿದಿದ್ದವು. ಸ್ವೀಡನ್–ನಾರ್ವೆಯ ತೋಳಗಳ ಕಥೆಯಂತೂ ಎಲ್ಲಕ್ಕಿಂತ ಸ್ಪಷ್ಟ. 1980ರ ದಶಕದ ಆರಂಭದಲ್ಲಿ ಎರಡೇ ತೋಳಗಳಿಂದ ಶುರುವಾದ ಆ ಸಂತತಿಯ ವಂಶಾವಳಿಯನ್ನು ಸಂಶೋಧಕರು ಡಿಎನ್‌ಎ ಮೂಲಕ ಕಟ್ಟಿದರು. ತಂದೆತಾಯಿಗಳ ಹೋಲಿಕೆ ಹೆಚ್ಚಿದಂತೆ ಮೊದಲ ಚಳಿಗಾಲಕ್ಕೆ ಉಳಿದ ಮರಿಗಳು ಕಡಿಮೆಯಾಗುತ್ತ ಬಂದವು. ಅವರ ಅಂದಾಜಿನಂತೆ ಒಡಹುಟ್ಟಿದ ಜೋಡಿಗೆ, ಸಂಬಂಧವಿಲ್ಲದ ಜೋಡಿಗಿಂತ ಹೆಚ್ಚುಕಡಿಮೆ ಮೂರು ಮರಿ ಕಡಿಮೆ.

ಇಲಿ ಮತ್ತು ಹಾಡುಗುಬ್ಬಿಗಳ ಉದಾಹರಣೆಯನ್ನು ನಾನು ಬಾಗಲಕೋಟೆಗೆ ತಂದು ನೋಡುವುದು ಒಂದು ಕಾರಣಕ್ಕೆ. ಎರಡರಲ್ಲೂ ದೋಷ ಹೊರಬಿದ್ದದ್ದು ಕಷ್ಟಕಾಲದಲ್ಲಿ. ನಮ್ಮಲ್ಲಿ ಆ ಕಷ್ಟದ ಹೆಸರು ಬರ. ಬಯಲುಸೀಮೆಯಲ್ಲಿ ಬರ ಅಪರೂಪದ ಅತಿಥಿಯಲ್ಲ, 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಪಟ್ಟಿ ಸೇರಿದ್ದವು. ಮಳೆ ಚೆನ್ನಾಗಿ ಆದ ವರ್ಷ ಎಂಥ ಮರಿಯೂ ಬೆಳೆದೀತು. ಹುಲ್ಲು ಒಣಗಿ, ಹಳ್ಳ ಬತ್ತಿ, ನಾಯಿ ಅಟ್ಟಿಸಿಕೊಂಡು ಬಂದಾಗ ಮೈಯಲ್ಲಿ ಕಸುವಿಲ್ಲದ ಮರಿಯೇ ಮೊದಲು ಬೀಳುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದ ಕಾಡುಕುರಿಗಳಲ್ಲಿ, ವೈವಿಧ್ಯ ಕಡಿಮೆಯಿದ್ದವುಗಳ ಹೊಟ್ಟೆಯಲ್ಲಿ ಜಂತುಹುಳು ಹೆಚ್ಚಿದ್ದು, ಚಳಿಗಾಲದಲ್ಲಿ ಅವೇ ಹೆಚ್ಚು ಸತ್ತದ್ದು 1999ರಲ್ಲಿ ದಾಖಲಾಗಿದೆ. ‘ಮೊದಲು ನಾಯಿ ಕಾಟ, ಬೇಟೆ, ನೀರಿನ ಕೊರತೆ ನೋಡ್ರಿ, ವಂಶವಾಹಿಯ ಮಾತು ಆಮೇಲೆ’ ಎನ್ನುವವರಿಗೆ ಇದೇ ಉತ್ತರ. ಅವರು ಹೇಳುವ ಕೆಲಸಗಳು ನಾಳೆಯೇ ಆಗಬೇಕಾದವು, ಅದರಲ್ಲಿ ತಕರಾರಿಲ್ಲ. ಆದರೆ ಬರ ಬೇರೆ, ರಕ್ತಸಂಬಂಧ ಬೇರೆ ಎಂದು ಎರಡು ಕಡತ ಮಾಡಲು ಬರುವುದಿಲ್ಲ. ಒಂದು ಇನ್ನೊಂದರ ಕೈಗೆ ಆಯುಧ ಕೊಡುತ್ತದೆ.

ಓದುಗರ ಮನಸ್ಸಿನಲ್ಲಿ ಇಷ್ಟರಲ್ಲೇ ಎದ್ದಿರಬಹುದಾದ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ನಮ್ಮ ಭಾಗದಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವುದು ತಲೆತಲಾಂತರದಿಂದ ಬಂದದ್ದು. 1980ರ ದಶಕದಲ್ಲಿ ಬೆಂಗಳೂರು–ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆ ನಡೆದಾಗ ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. ಆ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಬೆಳೆದರು. ಹಾಗಿದ್ದರೆ ಹುಲ್ಲೆಗೆ ಮಾತ್ರ ಏನು ತೊಂದರೆ? ಮೊದಲನೆಯದಾಗಿ, ಮನುಷ್ಯರಲ್ಲೂ ಪರಿಣಾಮ ಇಲ್ಲವೆಂದಲ್ಲ. ಹಲವು ದೇಶಗಳ ಅಂಕಿಅಂಶ ಒಟ್ಟುಗೂಡಿಸಿದಾಗ ಸೋದರಸಂಬಂಧಿ ದಂಪತಿಯ ಮಕ್ಕಳಲ್ಲಿ ಸಾವಿನ ಪ್ರಮಾಣ ಸುಮಾರು ಶೇ 3.5ರಷ್ಟು ಹೆಚ್ಚು ಕಂಡಿದೆ. ಸರಾಸರಿಯಲ್ಲಿ ಚಿಕ್ಕದು, ಅದು ಬಡಿದ ಮನೆಗೆ ಮಾತ್ರ ದೊಡ್ಡದು. ಎರಡನೆಯದಾಗಿ, ಮನುಷ್ಯನ ಮಗುವಿಗೆ ಲಸಿಕೆ, ಔಷಧ, ಅಜ್ಜಿಯ ಆರೈಕೆ ಎಲ್ಲ ಇರುತ್ತವೆ. ಚಿಂಕಾರದ ಮರಿಗೆ ತಾಯಿಯ ಹಾಲು ಮತ್ತು ಮುಳ್ಳುಕಂಟಿಯ ಮರೆ ಬಿಟ್ಟರೆ ಬೇರೇನಿಲ್ಲ. ಮೂರನೆಯದು ನನಗೆ ಮುಖ್ಯವಾಗಿ ಕಾಣುತ್ತದೆ. ಸೋದರಿಕೆ ಇರುವ ಊರಿಗೂ ಪ್ರತಿ ಪೀಳಿಗೆಯಲ್ಲಿ ಬೇರೆ ಊರಿಂದ ಸೊಸೆಯಂದಿರು ಬರುತ್ತಲೇ ಇರುತ್ತಾರೆ, ಬೀಗತನ ಹತ್ತೂ ದಿಕ್ಕಿಗೆ ಹರಡಿರುತ್ತದೆ. ಸುತ್ತ ದಾರಿ ಮುಚ್ಚಿದ ಹಿಂಡಿಗೆ ಆ ಬಾಗಿಲೇ ಇಲ್ಲ.

ಇನ್ನೊಂದು ಆಕ್ಷೇಪ ವಿಜ್ಞಾನಿಗಳ ನಡುವಿನದೇ. ಸಂಬಂಧಿಗಳ ಕೂಡುವಿಕೆಯಿಂದ ದೋಷಗಳು ಬಯಲಾದಾಗ ಅವನ್ನು ಹೊತ್ತ ಮರಿಗಳು ಸಾಯುತ್ತವೆ, ಅವುಗಳೊಂದಿಗೆ ದೋಷವೂ ಸಾಯುತ್ತದೆ. ಹೀಗೆ ಸಣ್ಣ ಹಿಂಡು ತಾನಾಗಿಯೇ ಶುದ್ಧವಾಗುವುದಿಲ್ಲವೇ? ಭಾಗಶಃ ಹೌದು. ಆಫ್ರಿಕದ ಬೆಟ್ಟದ ಗೊರಿಲ್ಲಾಗಳು ಬಹುಕಾಲ ಕಡಿಮೆ ಸಂಖ್ಯೆಯಲ್ಲೇ ಬಾಳಿ, ಅತಿ ಹಾನಿಕರ ದೋಷಗಳಲ್ಲಿ ಕೆಲವನ್ನು ಕಳೆದುಕೊಂಡಿವೆ. ಆದರೆ ಇದರ ನಿಜವಾದ ಬೆಲೆ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಹುಲಿಗಳ ಪೂರ್ಣ ಜೀನೋಮ್ ಓದಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತಲಿಂದ ಕಡಿದುಹೋದ ರಣಥಂಬೋರಿನ ಹುಲಿಗಳು ತೀವ್ರ ಹಾನಿಕರ ದೋಷಗಳಲ್ಲಿ ಕೆಲವನ್ನು ಕಳೆದುಕೊಂಡಿದ್ದು ಕಂಡಿತು. ಆದರೆ ಉಳಿದ ದೋಷಗಳು ಹಿಂಡಿನ ತುಂಬ ಹರಡಿ, ಎರಡೂ ಪ್ರತಿ ಕೆಟ್ಟಿರುವ ಹುಲಿಗಳು ಹೆಚ್ಚಾಗಿದ್ದವು. ಅದೇ ವರ್ಷ ಅದೇ ತಂಡ ಒಡಿಶಾದ ಸಿಮ್ಲಿಪಾಲದ ಕಪ್ಪು ಹುಲಿಗಳ ಗುಟ್ಟನ್ನೂ ಬಿಡಿಸಿತು. ಪಟ್ಟೆಗಳು ಹಿಗ್ಗಿ ಕೂಡಿಕೊಂಡು ಕಪ್ಪಾಗುವುದು ಒಂದೇ ವಂಶವಾಹಿಯ ಒಂದೇ ಬದಲಾವಣೆಯಿಂದ, ಅದೂ ಎರಡೂ ಪ್ರತಿ ಬದಲಾಗಿದ್ದರೆ ಮಾತ್ರ. ಬೇರೆಡೆಯ ಕಾಡುಗಳಲ್ಲಿ ಕಾಣದ ಈ ಬಣ್ಣ ಅಲ್ಲಿ ಅಷ್ಟು ಸಾಮಾನ್ಯವಾಗಿರುವುದು ಪುಟ್ಟ ಮುಚ್ಚಿದ ಸಂತತಿಯಲ್ಲಿ ಅಡಗಿದ್ದದ್ದು ಹೇಗೆ ಮೇಲೆ ಬರುತ್ತದೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ. ಬಣ್ಣವಾದ್ದರಿಂದ ಕಂಡಿತು. ಹೃದಯದ ದೋಷ, ಬಂಜೆತನಗಳು ಹೀಗೆ ಕಾಣುವುದಿಲ್ಲ. ಶುದ್ಧವಾಗುವುದೆಂದರೆ ಮರಿಗಳು ಸಾಯುವುದು. ವರ್ಷಕ್ಕೆ ಒಂದು ಮರಿ ಹಾಕುವ, ಸಣ್ಣ ಸಂಖ್ಯೆಯ ಪ್ರಾಣಿಗೆ ಆ ದಾರಿಯನ್ನು ನೆಚ್ಚಿಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಪ್ರಾಣಿಗಳು ತಾವೇ ತಮ್ಮ ರಕ್ತದವರನ್ನು ಗುರುತಿಸಿ ದೂರ ಇಡುತ್ತವಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ 2021ರಲ್ಲಿ ಹೇಳಿದ್ದು ಇದಕ್ಕೆ ವಿರುದ್ಧ: ಸಂಗಾತಿಯನ್ನು ಆರಿಸುವಾಗ ಪ್ರಾಣಿಗಳು ಸಂಬಂಧಿಗಳನ್ನು ಬೇಕೆಂದೇ ತಪ್ಪಿಸುವುದು ಅಪರೂಪ. ಹಾಗೆಂದು ಯಾರೂ ತಪ್ಪಿಸುವುದೇ ಇಲ್ಲ ಎಂದಲ್ಲ. 2002ರ ಒಂದು ಅಧ್ಯಯನದಲ್ಲಿ ದಡದ ಹಕ್ಕಿಗಳ ಮೂರು ಜಾತಿಗಳನ್ನು ಪರೀಕ್ಷಿಸಿದಾಗ, ಜೋಡಿಯ ಗಂಡು–ಹೆಣ್ಣು ವಂಶವಾಹಿಗಳಲ್ಲಿ ಬಹಳ ಹೋಲುತ್ತಿದ್ದ ಗೂಡುಗಳಲ್ಲಿ ಪರಗಂಡಿನ ಮರಿಗಳು ಹೆಚ್ಚಾಗಿ ಸಿಕ್ಕವು. ಅದರಲ್ಲಿದ್ದ ಒಂದು ಗೊರವ ಚಳಿಗಾಲಕ್ಕೆ ಕರ್ನಾಟಕದ ಕೆರೆ–ಹೊಳೆಗಳ ದಡಕ್ಕೂ ಬರುವ ಹಕ್ಕಿ. ಆದರೆ ರೆಕ್ಕೆಯಿರುವ ಹಕ್ಕಿಗೆ ಪಕ್ಕದ ದಡದಲ್ಲಿ ಬೇರೊಂದು ಗಂಡು ಸಿಗುತ್ತದೆ. ನೆಲದ ಪ್ರಾಣಿಗಳಲ್ಲಿ ಬಹುಮಟ್ಟಿಗೆ ಈ ಕೆಲಸ ಮಾಡುವುದು ಗುರುತಿಸುವಿಕೆಯಲ್ಲ, ಊರು ಬಿಡುವಿಕೆ. ಪ್ರಾಯಕ್ಕೆ ಬಂದ ಗಂಡು, ಕೆಲವು ಜಾತಿಗಳಲ್ಲಿ ಹೆಣ್ಣು, ಹುಟ್ಟಿದ ಗುಂಪು ಬಿಟ್ಟು ನಡೆಯುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದ ಸುತ್ತಿನ ಮಂಗಗಳಿಗೆ ಇದು ಕಷ್ಟವಲ್ಲ. ಮನೆಯ ಮಾಳಿಗೆ, ಬಸ್ ನಿಲ್ದಾಣ, ಗುಡಿ, ಬಂಡೆ ಎಲ್ಲವೂ ಅವುಗಳಿಗೆ ದಾರಿಯೇ. ಚಿಂಕಾರ ಹಾಗಲ್ಲ. ಅದಕ್ಕೆ ನಾಲ್ಕೂ ದಿಕ್ಕು ಕಾಣುವ ಬಯಲು ಬೇಕು. ಆಳೆತ್ತರ ಬೆಳೆದ ಕಬ್ಬಿನ ಗದ್ದೆ ಅದಕ್ಕೆ ಗೋಡೆ, ತುಂಬಿ ಹರಿಯುವ ಕಾಲುವೆ ಇನ್ನೊಂದು ಗೋಡೆ. ಘಟಪ್ರಭೆ–ಕೃಷ್ಣೆಯ ನೀರಾವರಿ ಮುಧೋಳ, ಜಮಖಂಡಿ ಸೀಮೆಯ ರೈತರ ಬದುಕು ಕಟ್ಟಿದೆ. ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೀರು ಬಂದ ಕಡೆಯೆಲ್ಲ ಮಡ್ಡಿ ಹೋಗಿದೆ, ಮಡ್ಡಿ ಹೋದಲ್ಲಿ ಹುಲ್ಲೆಯ ದಾರಿಯೂ ಹೋಗಿದೆ. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಿದರೆ ಮುಳುಗುವ ನೆಲ ಇನ್ನೂ ಹೆಚ್ಚು. ಅಲ್ಲಿಂದ ಎದ್ದವರ ಪುನರ್ವಸತಿಗೆ ಬೇಕಾದ ಜಾಗವನ್ನು ಹುಡುಕುವಾಗಲೂ ಮೊದಲು ಕಣ್ಣಿಗೆ ಬೀಳುವುದು ಬೀಳುಬಿದ್ದ ಮಡ್ಡಿಯೇ.

ಪೂರ್ವಕ್ಕೆ ಬಂದರೆ ಹುನಗುಂದ, ಇಳಕಲ್, ಕುಷ್ಟಗಿಯನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 50 ಇದೆ. ವಿಜಯಪುರದಿಂದ ಹೊಸಪೇಟೆಯವರೆಗೂ ಚತುಷ್ಪಥ. ಇಳಕಲ್ ಸುತ್ತ ಕೆಂಪು ಗ್ರಾನೈಟ್ ತೆಗೆದ ಹೊಂಡಗಳಿವೆ. ಗಜೇಂದ್ರಗಡ, ಕುಷ್ಟಗಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಇವೆಲ್ಲದರ ನಡುವೆ ತೋಳ ಇನ್ನೂ ಓಡಾಡುವ ಸೀಮೆ ಇದು. ದಕ್ಷಿಣಕ್ಕೆ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಮಾಡಿದ್ದಾರೆ, ಒಳ್ಳೆಯ ಕೆಲಸ. ಆದರೆ ಅದರ ವಿಸ್ತೀರ್ಣ ಸುಮಾರು 332 ಎಕರೆ. ತೋಳದ ಒಂದು ಹಿಂಡಿಗೆ ಬೇಕಾಗುವುದು ನೂರಾರು ಚದರ ಕಿಲೋಮೀಟರ್. ಅಲ್ಲಿ ಹುಟ್ಟಿದ ಪ್ರತಿ ಮರಿಯೂ ಬೆಳೆದ ಮೇಲೆ ಕುರಿಗಾರರ ಹಟ್ಟಿ, ಹೊಲ, ಹೆದ್ದಾರಿಗಳ ನಡುವೆಯೇ ಸಂಗಾತಿ ಹುಡುಕಬೇಕು. ಹುಡುಕಲಾಗದಿದ್ದರೆ ಉಳಿಯುವುದು ಎರಡು ದಾರಿ: ಒಡಹುಟ್ಟಿದವು, ಇಲ್ಲವೇ ಊರನಾಯಿ. ಪುಣೆಯ ಸುತ್ತಿನ ಬಯಲಿನಲ್ಲಿ ತೋಳ–ನಾಯಿಯ ಬೆರಕೆ ಇರುವುದು ಈಗಾಗಲೇ ಡಿಎನ್‌ಎ ಪರೀಕ್ಷೆಯಲ್ಲಿ ಖಚಿತವಾಗಿದೆ. ತಂದೆತಾಯಿ ತೀರ ಹತ್ತಿರವಾಗುವುದೂ, ತೀರ ದೂರವಾಗುವುದೂ ಒಂದೇ ಕಾರಣದಿಂದ ಹುಟ್ಟಿದ ಎರಡು ಕೇಡು. ನಡುವಿನ ನೆಲ ಹೋಯಿತೆಂಬುದೇ ಆ ಕಾರಣ.

ಹಾಗಿದ್ದರೆ ರಾಜಸ್ಥಾನದಿಂದ ಲಾರಿಯಲ್ಲಿ ನಾಲ್ಕಾರು ಚಿಂಕಾರ ತಂದು ಯಡಹಳ್ಳಿಗೆ ಬಿಟ್ಟರೆ ಆಯಿತಲ್ಲ ಎನ್ನಬಹುದು. ಹೊಸ ರಕ್ತ ಫಲ ಕೊಟ್ಟ ಉದಾಹರಣೆ ಇದ್ದೇ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಪ್ಯೂಮಾಗಳು ಇಪ್ಪತ್ತು–ಮೂವತ್ತಕ್ಕೆ ಇಳಿದು, ಬಾಲ ಡೊಂಕಾಗಿ, ಹೃದಯದಲ್ಲಿ ರಂಧ್ರದೊಂದಿಗೆ ಹುಟ್ಟುತ್ತಿದ್ದಾಗ 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಮರಿಗಳು ಗಟ್ಟಿಯಾದವು, ಸಂಖ್ಯೆ ಮೂರು ಪಟ್ಟಾಯಿತು. ಆದರೆ ಫ್ಲಾರಿಡಾ ಮತ್ತು ಟೆಕ್ಸಸ್‌ನ ಪ್ಯೂಮಾಗಳು ಹಿಂದೆ ಒಂದಕ್ಕೊಂದು ಕೂಡುತ್ತಿದ್ದ ನೆರೆಯವೇ. ಸ್ಲೊವಾಕಿಯಾದ ಟಾಟ್ರಾ ಬೆಟ್ಟದಲ್ಲಿ ನಡೆದದ್ದು ಇದರ ತಿರುಗುಮುರುಗು. ಅಲ್ಲಿ ಚೆನ್ನಾಗಿಯೇ ನೆಲೆಸಿದ್ದ ಕಾಡಾಡುಗಳ ಜೊತೆಗೆ ಟರ್ಕಿಯಿಂದ, ಸಿನಾಯ್‌ನಿಂದ ಬೇರೆ ಕಾಡಾಡುಗಳನ್ನು ತಂದು ಸೇರಿಸಿದರು. ಮಿಶ್ರ ಸಂತತಿ ಬೆದೆಗೆ ಬರುವ ಕಾಲವೇ ಹಿಂದೆ ಸರಿದು, ಮರಿಗಳು ಕೊರೆಯುವ ಫೆಬ್ರುವರಿಯಲ್ಲಿ ಹುಟ್ಟಿದವು. ಒಂದೂ ಉಳಿಯದೆ ಆ ಸಂತತಿಯೇ ಅಳಿಯಿತು. ಥಾರ್ ಮರುಭೂಮಿಯ ಮಳೆ, ಮೇವು, ರೋಗ ಬೇರೆ, ದಖನಿನದು ಬೇರೆ. ಹೊರಗಿನಿಂದ ತರಲೇಬೇಕಾದ ದಿನ ಬಂದರೆ ಮೊದಲು ನೋಡಬೇಕಾದ್ದು ಇದೇ ಒಣಸೀಮೆಯ ನೆಂಟರನ್ನು. ಉತ್ತರಕ್ಕೆ ಪುಣೆ ಜಿಲ್ಲೆಯ ಸುಪೆಯ ಮಯೂರೇಶ್ವರ ಧಾಮದವು, ದಕ್ಷಿಣಕ್ಕೆ ಮುನ್ನೂರು ಕಿಲೋಮೀಟರಿಗೂ ಆಚೆ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದವು.

ತಂದು ಬಿಡುವುದರಲ್ಲೇ ನೆಮ್ಮದಿ ಕಾಣಲೂ ಆಗದು. ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದ ತೋಳಗಳು ಬೆನ್ನುಮೂಳೆಯ ವಿಕಾರದಿಂದ ಬಳಲುತ್ತಿದ್ದಾಗ, 1997ರಲ್ಲಿ ಗಂಡು ತೋಳವೊಂದು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಬಂತು. ಕೆಲಕಾಲ ಎಲ್ಲ ಸುಧಾರಿಸಿತು. ಅದರ ಸಂತಾನವೇ ದ್ವೀಪ ತುಂಬಿತು. ಮುಂದೆ ಮಂಜುಗಡ್ಡೆಯ ಸೇತುವೆ ಕಟ್ಟುವುದೇ ಅಪರೂಪವಾದ್ದರಿಂದ ಹೊಸಬರು ಬರಲಿಲ್ಲ, ಅವವೇ ಮತ್ತೆ ತಮ್ಮತಮ್ಮಲ್ಲೇ ಕೂಡಿದವು. 2016ರ ಹೊತ್ತಿಗೆ ಉಳಿದದ್ದು ಎರಡು, ಒಂದು ಅಪ್ಪ, ಒಂದು ಮಗಳು. 2018–19ರಲ್ಲಿ ಹತ್ತೊಂಬತ್ತು ತೋಳಗಳನ್ನು ಹೊರಗಿನಿಂದ ತಂದು ಬಿಡಬೇಕಾಯಿತು.

ಆದ್ದರಿಂದ ಯಡಹಳ್ಳಿಯಲ್ಲಿ ಈಗಲೇ ಆಗಬೇಕಾದ ಕೆಲಸ ಹಿಕ್ಕೆ ಸಂಗ್ರಹ. ಪ್ರಾಣಿಯನ್ನು ಹಿಡಿಯದೆ, ಮುಟ್ಟದೆ, ನೆಲದ ಮೇಲಿನ ಹಿಕ್ಕೆಯಿಂದಲೇ ಡಿಎನ್‌ಎ ತೆಗೆದು ಯಾವುದು ಯಾವುದಕ್ಕೆ ಏನಾಗಬೇಕು ಎಂದು ಹೇಳುವ ವಿದ್ಯೆ ಬೆಂಗಳೂರಿನ ಪ್ರಯೋಗಾಲಯಗಳಲ್ಲೇ ಇದೆ. ಪ್ರತಿ ಗಣತಿಯ ಜೊತೆಗೆ ಇದೂ ನಡೆದರೆ ಸಂಖ್ಯೆಯ ಪಕ್ಕದಲ್ಲಿ ಸಂಬಂಧದ ಲೆಕ್ಕವೂ ಕೈಗೆ ಸಿಗುತ್ತದೆ. ಎರಡನೆಯದು ಕಂದಾಯ ಇಲಾಖೆಯ ಕಡತದಲ್ಲಿ ಆಗಬೇಕಾದದ್ದು. ಖರಾಬು, ಬಂಜರು, ಗಾಯರಾಣ ಎಂದು ಬರೆದಿರುವ ಮಡ್ಡಿಗಳಲ್ಲಿ ಧಾಮದಿಂದ ಧಾಮಕ್ಕೆ ಸಾಲಾಗಿ ಸಾಗುವ ತುಂಡುಗಳು ಯಾವುವೆಂದು ಗುರುತಿಸಿ, ಕೈಗಾರಿಕೆಗೋ ಸೋಲಾರ್ ಫಲಕಕ್ಕೋ ಕೊಡುವ ಮುನ್ನ ಅವನ್ನು ಬೇರೆ ಇಡಬೇಕು. ಅಲ್ಲಿ ಕುರಿ ಮೇಯಲಿ, ಕುರಿ ಮೇಯುವ ನೆಲ ಹುಲ್ಲೆಗೂ ತೋಳಕ್ಕೂ ನಡೆಯುವ ನೆಲ. ಇನ್ನು ಹೆದ್ದಾರಿಯದು. ಮಹಾರಾಷ್ಟ್ರದ ಪೆಂಚ್ ಬಳಿ ರಾಷ್ಟ್ರೀಯ ಹೆದ್ದಾರಿ 44ರ ಕೆಳಗೆ ಪ್ರಾಣಿಗಳಿಗಾಗಿ ಒಂಬತ್ತು ದಾರಿ ಬಿಟ್ಟಿದ್ದಾರೆ. ಹುಲಿಯಿಂದ ಹಿಡಿದು ಹಲವು ಪ್ರಾಣಿಗಳು ಅವುಗಳಲ್ಲಿ ದಾಟಿದ್ದು ಕ್ಯಾಮೆರಾಗಳಲ್ಲಿ ಸೆರೆಯಾಗಿದೆ. ಹುನಗುಂದ–ಇಳಕಲ್ ನಡುವೆ ಅಷ್ಟು ದೊಡ್ಡ ಕಟ್ಟಡ ಬೇಕಾಗಲಿಕ್ಕಿಲ್ಲ. ಹೆದ್ದಾರಿ ಹಳ್ಳಗಳನ್ನು ದಾಟುವ ಕಡೆ ಸೇತುವೆಯ ಕೆಳಗಿನ ಜಾಲಿ ಕಡಿದು, ಕಸ ತೆಗೆದು, ಎರಡೂ ಬದಿಗೆ ನೂರಿನ್ನೂರು ಮೀಟರ್ ಬೇಲಿ ಎಳೆದು ಪ್ರಾಣಿಯನ್ನು ಅತ್ತ ತಿರುಗಿಸಿದರೆ ಕೆಲಸ ಶುರುವಾಗುತ್ತದೆ. ಯಾವ ಹಳ್ಳದ ಸೇತುವೆಯ ಕೆಳಗೆ ತೋಳ ಹಾಯುತ್ತದೆ ಎಂಬುದು ಆ ಭಾಗದ ಕುರಿಗಾರರಿಗೆ ಗೊತ್ತಿರುತ್ತದೆ. ಹೆದ್ದಾರಿ ಮತ್ತು ಅರಣ್ಯ ಇಲಾಖೆಯವರು ನಕ್ಷೆ ಬಿಡಿಸುವ ಮೊದಲು ಅವರನ್ನು ಕೂಡಿಸಿ ಕೇಳಲಿ.